ಯಂತ್ರವನ್ನು ಹಂಚಿಕೊಳ್ಳಲು ಕಲಿಸಿದ ಮನಶ್ಶಾಸ್ತ್ರಜ್ಞ: ಜೆ. ಸಿ. ಆರ್. ಲಿಕ್‌ಲೈಡರ್

ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಆ ಮೊದಲ ಮುದ್ರಣದ ಪ್ರತಿಯನ್ನು ನೋಡಬೇಕೆಂದು ಪುತ್ತಿಗೆಯ ಕನ್ನಡ ವಿದ್ಯಾರ್ಥಿಯೊಬ್ಬನು ಒಂದು ತಲೆಮಾರಿನ ಹಿಂದೆ ಬಯಸಿದ್ದರೆ ಸೀತಾಂಗೋಳಿಯಿಂದ ಬಸ್ಸು ಹಿಡಿದು ಕುಂಬಳೆಗೆ, ಅಲ್ಲಿಂದ ಕಾಸರಗೋಡಿಗೋ ಮಂಗಳೂರಿಗೋ ಹೋಗಿ, ಗ್ರಂಥಪಾಲರ ಅನುಮತಿ ಪಡೆದು, ಬೇರೊಬ್ಬರು ಓದಿ ಮುಗಿಸುವವರೆಗೆ ಕಾಯಬೇಕಾಗಿತ್ತು. ಇಂದು ಅದೇ ಪುಟ ಅವನ ಮೊಬೈಲಿನಲ್ಲಿ ತೆರೆದುಕೊಳ್ಳುತ್ತದೆ. ಪುಟದ ಚಿತ್ರವನ್ನು ಇರಿಸಿಕೊಂಡಿರುವ ಯಂತ್ರ ಬೇರೆ ಯಾವುದೋ ಖಂಡದಲ್ಲಿರಬಹುದು. ಅದೇ ಗಳಿಗೆಯಲ್ಲಿ ಧಾರವಾಡದಲ್ಲಿಯೋ ಹೈಡೆಲ್‌ಬರ್ಗಿನಲ್ಲಿಯೋ ಮತ್ತೊಬ್ಬರು ಅದೇ ಪುಟವನ್ನು ನೋಡುತ್ತಿರಬಹುದು. ಒಬ್ಬರಿಂದ ಇನ್ನೊಬ್ಬರಿಗೆ ಅಡ್ಡಿಯಾಗುವುದಿಲ್ಲ.

ಒಂದೆಡೆ ಇರುವ ವಿರಳ ವಸ್ತುವನ್ನು ದೂರದ ಅನೇಕರು ಏಕಕಾಲದಲ್ಲಿ ಬಳಸುವ ಈ ವ್ಯವಸ್ಥೆಯನ್ನು ಕಟ್ಟಿದವರು ಹಲವರು. ಅವರಲ್ಲಿ ತಂತಿ ಎಳೆದವರಿದ್ದಾರೆ, ಗಣಿತ ಬರೆದವರಿದ್ದಾರೆ, ಪೆಟ್ಟಿಗೆಗಳನ್ನು ಬೆಸೆದವರಿದ್ದಾರೆ. ಆದರೆ ಇಂಥದೊಂದು ವ್ಯವಸ್ಥೆ ಬೇಕು, ಅದು ಸಾಧ್ಯ, ಅದಕ್ಕಾಗಿ ಹಣ ಸುರಿಯಬೇಕು ಎಂದು ಎಲ್ಲರಿಗಿಂತ ಮೊದಲು ಮನದಟ್ಟು ಮಾಡಿಕೊಟ್ಟವರು ಎಂಜಿನಿಯರರೇ ಅಲ್ಲ. ಅವರು ಮನುಷ್ಯನ ಕಿವಿಯನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞರು. ಪೂರ್ಣ ಹೆಸರು ಜೋಸೆಫ್ ಕಾರ್ಲ್ ರಾಬ್ನೆಟ್ ಲಿಕ್‌ಲೈಡರ್. ಬಲ್ಲವರೆಲ್ಲ ಅವರನ್ನು ಲಿಕ್ ಎಂದೇ ಕರೆಯುತ್ತಿದ್ದರು.

ಲಿಕ್‌ಲೈಡರ್ ಜನಿಸಿದ್ದು 1915ರ ಮಾರ್ಚ್ 11ರಂದು, ಅಮೆರಿಕದ ಮಿಸೌರಿ ಪ್ರಾಂತದ ಸೇಂಟ್ ಲೂಯಿಸ್ ನಗರದಲ್ಲಿ. ತಂದೆ ಬ್ಯಾಪ್ಟಿಸ್ಟ್ ಪಂಗಡದ ಪಾದ್ರಿಗಳು. ಇವರು ಒಬ್ಬನೇ ಮಗ. ಬಾಲ್ಯದಲ್ಲಿ ಮಾದರಿ ವಿಮಾನಗಳನ್ನು ಕಟ್ಟುವ ಹುಚ್ಚು. ಹದಿಹರೆಯದಲ್ಲಿ ಹಳೆಯ ಕಾರೊಂದನ್ನು ಕೊಂಡು, ಬಿಚ್ಚಿ, ಮತ್ತೆ ಜೋಡಿಸಿದರೆಂದು ಅವರ ಜೀವನವನ್ನು ಬರೆದವರು ಹೇಳುತ್ತಾರೆ. ವಾಷಿಂಗ್ಟನ್ ವಿಶ್ವವಿದ್ಯಾಲಯವನ್ನು ಸೇರಿದ ಮೇಲೆ ಯಾವ ವಿಷಯವನ್ನು ಆರಿಸಿಕೊಳ್ಳುವುದು ಎಂಬ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರ ವಿಚಿತ್ರವಾದದ್ದು: 1937ರಲ್ಲಿ ಪದವಿ ಪಡೆಯುವಾಗ ಭೌತಶಾಸ್ತ್ರ, ಗಣಿತ, ಮನಶ್ಶಾಸ್ತ್ರ ಮೂರರಲ್ಲಿಯೂ ಪದವೀಧರರಾಗಿದ್ದರು. ಮುಂದೆ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಶ್ರವಣದ ಮನಶ್ಶಾಸ್ತ್ರವನ್ನು ಕುರಿತು ಸಂಶೋಧನೆ ನಡೆಸಿ 1942ರಲ್ಲಿ ಡಾಕ್ಟರೇಟ್ ಪಡೆದರು.

ಎರಡನೆಯ ಮಹಾಯುದ್ಧದ ಕಾಲ ಅದು. ಹಾರ್ವರ್ಡ್ ವಿಶ್ವವಿದ್ಯಾಲಯದ ಶ್ರವಣ-ಮನಶ್ಶಾಸ್ತ್ರ ಪ್ರಯೋಗಾಲಯದಲ್ಲಿ ವಿಜ್ಞಾನಿಗಳ ಮುಂದಿದ್ದ ಪ್ರಶ್ನೆ ಸರಳ, ಆದರೆ ಪ್ರಾಣದ ಪ್ರಶ್ನೆ. ಬಾಂಬರ್ ವಿಮಾನದ ಭೋರ್ಗರೆತದ ನಡುವೆ ಒಬ್ಬ ವೈಮಾನಿಕನ ಮಾತು ಇನ್ನೊಬ್ಬನಿಗೆ ಹೇಗೆ ಕೇಳಿಸಬೇಕು? ಲಿಕ್‌ಲೈಡರ್ ಮಾತಿನ ಧ್ವನಿತರಂಗವನ್ನು ವಿರೂಪಗೊಳಿಸಿ ನೋಡಿದರು. ತರಂಗದ ಏರಿಳಿತದ ತುದಿಗಳನ್ನು ಕತ್ತರಿಸುತ್ತ ಹೋಗಿ, ಏರು ಮತ್ತು ಇಳಿವು ಎಂಬೆರಡೇ ಸ್ಥಿತಿಗಳು ಉಳಿಯುವಷ್ಟು ಕತ್ತರಿಸಿದರೂ ಮಾತು ಕರ್ಕಶವಾಗುತ್ತದೆಯೇ ಹೊರತು ಅರ್ಥ ಬಹುಮಟ್ಟಿಗೆ ಉಳಿಯುತ್ತದೆ ಎಂದು ಅವರೂ ಅವರ ಸಹೋದ್ಯೋಗಿಯೂ ತೋರಿಸಿದರು. ಕೇಳುವ ಮನಸ್ಸು ಕಳೆದುಹೋದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಧ್ವನಿಶಾಸ್ತ್ರವನ್ನು ಓದುವ ಭಾಷಾವಿದ್ಯಾರ್ಥಿಗಳಿಗೆ ಈ ಸಂಗತಿ ಸ್ವತಂತ್ರವಾಗಿಯೇ ಸ್ವಾರಸ್ಯಕರ. ಇಲ್ಲಿ ಅದನ್ನು ಹೇಳುವುದಕ್ಕೆ ಬೇರೊಂದು ಕಾರಣವಿದೆ: ಸಂವಹನವೆಂದರೆ ತಂತಿಯ ಮೇಲೆ ಸಾಗುವ ಸಂಕೇತ ಮಾತ್ರವಲ್ಲ, ಎರಡು ತುದಿಗಳಲ್ಲಿರುವ ಮನಸ್ಸುಗಳ ವ್ಯವಹಾರ ಎಂಬ ತಿಳಿವಳಿಕೆಯನ್ನು ಅವರು ಗಣಕಯಂತ್ರದ ಬಳಿಗೆ ಬರುವ ಮೊದಲೇ ಪಡೆದಿದ್ದರು. 1950ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯನ್ನು, ಎಂದರೆ ಎಂ.ಐ.ಟಿ.ಯನ್ನು ಸೇರಿದರು. 1958ರಲ್ಲಿ ಅಮೆರಿಕದ ಧ್ವನಿವಿಜ್ಞಾನ ಸಂಘಕ್ಕೆ ಅಧ್ಯಕ್ಷರೂ ಆದರು. ಅಷ್ಟಕ್ಕೇ ನಿಂತಿದ್ದರೂ ಅವರದು ಸಾರ್ಥಕ ವಿದ್ವತ್ ಜೀವನವೇ ಆಗುತ್ತಿತ್ತು.

ದಾರಿ ತಿರುಗಿದ್ದು ಐವತ್ತರ ದಶಕದಲ್ಲಿ. ಶತ್ರುವಿಮಾನಗಳ ಮೇಲೆ ಕಣ್ಣಿಡಲು ಅಮೆರಿಕದ ವಾಯುಪಡೆ ಸೇಜ್ ಎಂಬ ಬೃಹತ್ ರಕ್ಷಣಾ ಜಾಲವನ್ನು ಕಟ್ಟಿಸುತ್ತಿತ್ತು. ರೇಡಾರುಗಳು ಕಳಿಸುವ ಸಂಕೇತ ಗಣಕಕ್ಕೆ ಬಂದು, ಪರದೆಯ ಮೇಲೆ ಚುಕ್ಕಿಗಳಾಗಿ ಮೂಡಿ, ಅದರ ಮುಂದೆ ಕುಳಿತವನು ಆ ಗಳಿಗೆಯಲ್ಲಿಯೇ ಯಂತ್ರಕ್ಕೆ ಪ್ರತಿಕ್ರಿಯೆ ನೀಡುವ ವ್ಯವಸ್ಥೆ ಅದು. ಮನುಷ್ಯನಿಗೆ ಪರದೆ ಹೇಗೆ ಕಾಣಬೇಕು ಎಂಬುದನ್ನು ವಿಚಾರಿಸಲು ಮನಶ್ಶಾಸ್ತ್ರಜ್ಞರು ಬೇಕಾಗಿದ್ದರು. ಹಾಗೆ ಲಿಕ್‌ಲೈಡರ್ ಗಣಕದ ಎದುರು ಕುಳಿತರು.

ಆ ಕಾಲದ ಗಣಕವನ್ನು ಇಂದಿನ ವಿದ್ಯಾರ್ಥಿಗಳು ಕಲ್ಪಿಸಿಕೊಳ್ಳುವುದು ಕಷ್ಟ. ಒಂದು ಯಂತ್ರಕ್ಕೆ ಒಂದು ಕೋಣೆ ಸಾಲದು. ಬೆಲೆ ಲಕ್ಷಾಂತರ ಡಾಲರು. ಬಳಸಬೇಕಾದವನು ತನ್ನ ಲೆಕ್ಕವನ್ನು ರಂಧ್ರಗಳಿರುವ ಕಾರ್ಡುಗಳ ಕಂತೆಯಾಗಿ ಮಾಡಿ ಸಿಬ್ಬಂದಿಯ ಕೈಗೆ ಒಪ್ಪಿಸಿ ಹೋಗಬೇಕು. ಗಂಟೆಗಳ ನಂತರವೋ ಮರುದಿನವೋ ಮುದ್ರಿತ ಹಾಳೆ ಸಿಗುತ್ತದೆ. ಒಂದು ಅಲ್ಪವಿರಾಮ ತಪ್ಪಿದ್ದರೆ ಹಾಳೆಯಲ್ಲಿ ಕಾಣುವುದು ಆ ತಪ್ಪಿನ ಸುದ್ದಿ ಮಾತ್ರ. ಮತ್ತೆ ಕಾರ್ಡು, ಮತ್ತೆ ಸರದಿ. ಯಂತ್ರದ ಒಂದು ಕ್ಷಣವೂ ವ್ಯರ್ಥವಾಗಬಾರದೆಂದು ಮನುಷ್ಯರ ದಿನಗಳನ್ನು ವ್ಯರ್ಥಮಾಡುವ ಏರ್ಪಾಡು ಅದು. ಭಾರತದಲ್ಲಿಯೂ ಸ್ಥಿತಿ ಬೇರೆಯಾಗಿರಲಿಲ್ಲ, ಇನ್ನಷ್ಟು ಕಠಿಣವಾಗಿತ್ತು. 1964ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬಂದ ಸಿ.ಡಿ.ಸಿ. 3600 ಯಂತ್ರವನ್ನು ದೇಶದ ಬೇರೆ ಬೇರೆ ಸಂಸ್ಥೆಗಳ ವಿಜ್ಞಾನಿಗಳು ಅವಲಂಬಿಸಿದ್ದರು.

1957ರ ವಸಂತ ಮತ್ತು ಬೇಸಿಗೆಯಲ್ಲಿ ಲಿಕ್‌ಲೈಡರ್ ತಮ್ಮ ಮೇಲೆಯೇ ಒಂದು ಪ್ರಯೋಗ ನಡೆಸಿದರು. ದಿನವಿಡೀ ತಾವು ಮಾಡುವ ಕೆಲಸವನ್ನು ದಾಖಲಿಸುತ್ತ ಹೋದರು. ಆಲೋಚನೆಗೆಂದು ಮೀಸಲಿಟ್ಟ ಸಮಯದಲ್ಲಿ ಶೇಕಡಾ 85ರಷ್ಟು ಆಲೋಚನೆಗೆ ಬೇಕಾದ ಸಿದ್ಧತೆಗೇ, ಅಂದರೆ ಮಾಹಿತಿ ಹುಡುಕುವುದಕ್ಕೆ, ಲೆಕ್ಕ ಹಾಕುವುದಕ್ಕೆ, ನಕ್ಷೆ ಬರೆಯುವುದಕ್ಕೆ ಹೋಗುತ್ತಿದೆ ಎಂದು ಅವರಿಗೆ ತಿಳಿಯಿತು. ಹಸ್ತಪ್ರತಿಗಳ ಪಾಠಾಂತರ ಕೂಡಿಸುವವರಿಗೂ, ಪದಪ್ರಯೋಗಗಳನ್ನು ಹುಡುಕಿ ಚೀಟಿ ಬರೆದ ನಿಘಂಟುಕಾರರಿಗೂ ಈ ಶೇಕಡಾವಾರು ಹೊಸದೇನೂ ಅಲ್ಲ. ಆದರೆ ಅವರು ಇದನ್ನು ವಿದ್ವತ್ತಿನ ಸಹಜ ಕಷ್ಟವೆಂದು ಒಪ್ಪಿಕೊಳ್ಳಲಿಲ್ಲ. ಈ ಶುಷ್ಕ ಶ್ರಮವನ್ನು ಯಂತ್ರಕ್ಕೆ ವಹಿಸಿ, ಪ್ರಶ್ನೆ ಕೇಳುವುದನ್ನೂ ತೀರ್ಮಾನ ತೆಗೆದುಕೊಳ್ಳುವುದನ್ನೂ ಮನುಷ್ಯ ಉಳಿಸಿಕೊಂಡರೆ ಇಬ್ಬರೂ ಸೇರಿ ಹಿಂದೆ ಯಾರೂ ಆಲೋಚಿಸದ ರೀತಿಯಲ್ಲಿ ಆಲೋಚಿಸಬಹುದು ಎಂದು ವಾದಿಸಿದರು. 1960ರಲ್ಲಿ ಪ್ರಕಟವಾದ ಅವರ ಪ್ರಬಂಧ ಮನುಷ್ಯ ಮತ್ತು ಗಣಕದ ಸಹಜೀವನವನ್ನು ಕುರಿತದ್ದು. ಅಂಜೂರದ ಮರ ಮತ್ತು ಅದರ ಹೂವಿಗೆ ಪರಾಗಸ್ಪರ್ಶ ಮಾಡುವ ಪುಟ್ಟ ಕೀಟ ಒಂದನ್ನೊಂದು ಬಿಟ್ಟು ಬದುಕಲಾರದ ಸಂಬಂಧವನ್ನು ಅವರು ಅಲ್ಲಿ ಉಪಮಾನವಾಗಿ ಬಳಸಿದರು.

ಇಲ್ಲಿ ಒಂದು ತೊಡಕಿತ್ತು. ಮನುಷ್ಯ ಯೋಚಿಸುವಾಗ ಯಂತ್ರ ಸುಮ್ಮನೆ ಕಾಯಬೇಕು. ಅಷ್ಟು ಬೆಲೆಬಾಳುವ ಯಂತ್ರವನ್ನು ಒಬ್ಬ ವಿದ್ವಾಂಸನ ಮೌನಕ್ಕಾಗಿ ಕಾಯಿಸುವ ಶ್ರೀಮಂತಿಕೆ ಅಮೆರಿಕಕ್ಕೂ ಇರಲಿಲ್ಲ. ಪರಿಹಾರ ಕಾಲಹಂಚಿಕೆಯದು. ಸುರಂಗದ ನೀರನ್ನು ಕೊಳಕ್ಕೆ ತುಂಬಿಸಿ ಅಡಿಕೆತೋಟದ ಸಾಲುಗಳಿಗೆ ಸರದಿಯಂತೆ ಬಿಡುವುದನ್ನು ಕಂಡವರಿಗೆ ಈ ತತ್ತ್ವ ಸುಲಭವಾಗಿ ಅರ್ಥವಾಗುತ್ತದೆ. ನೀರು ಒಂದೇ, ಸರದಿ ಮಾತ್ರ ಎಲ್ಲರಿಗೂ. ಯಂತ್ರವು ಮೊದಲನೆಯವನ ಕೆಲಸವನ್ನು ಸೆಕೆಂಡಿನ ಒಂದಂಶದಷ್ಟು ಹೊತ್ತು ನಡೆಸಿ, ಅದನ್ನು ಹಾಗೆಯೇ ತೆಗೆದಿಟ್ಟು, ಎರಡನೆಯವನದನ್ನು ಕೈಗೆತ್ತಿಕೊಳ್ಳುತ್ತದೆ. ಹೀಗೆ ಸುತ್ತು ಬಂದು ಮೊದಲನೆಯವನ ಬಳಿಗೆ ಮರಳುವಾಗ ಅವನು ಇನ್ನೂ ಮುಂದಿನ ಅಕ್ಷರದ ಮೇಲೆ ಬೆರಳಿಟ್ಟಿರುವುದಿಲ್ಲ. ಪ್ರತಿಯೊಬ್ಬನಿಗೂ ಯಂತ್ರ ತನ್ನೊಬ್ಬನದೇ ಎಂದು ತೋರುತ್ತದೆ. ತೋಟಕ್ಕೂ ಯಂತ್ರಕ್ಕೂ ವ್ಯತ್ಯಾಸವೊಂದಿದೆ: ತೋಟದಲ್ಲಿ ಸರದಿ ತಪ್ಪಿದರೆ ಜಗಳವಾಗುತ್ತದೆ, ಯಂತ್ರದಲ್ಲಿ ಸರದಿ ಕಾಯುವ ನಿಯಮವನ್ನೇ ಯಂತ್ರಕ್ಕೆ ಕಲಿಸಬೇಕು. ಒಬ್ಬನ ಬರಹ ಇನ್ನೊಬ್ಬನದರೊಳಗೆ ನುಗ್ಗದಂತೆ, ಒಬ್ಬನು ಎಲ್ಲವನ್ನೂ ಕಬಳಿಸದಂತೆ ನೋಡಿಕೊಳ್ಳುವ ಮೇಲ್ವಿಚಾರಣೆಯ ಕ್ರಮವನ್ನು ಬರೆಯುವುದೇ ಇಲ್ಲಿಯ ನಿಜವಾದ ವಿದ್ಯೆ.

ಕಾಲಹಂಚಿಕೆಯನ್ನು ಲಿಕ್‌ಲೈಡರ್ ಕಂಡುಹಿಡಿದರೆಂದು ಹೇಳುವುದು ತಪ್ಪಾಗುತ್ತದೆ. ಜಾನ್ ಮೆಕಾರ್ಥಿ ಅದನ್ನು ಪ್ರತಿಪಾದಿಸಿದ್ದರು, ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕೊರ್ಬಾಟೊ 1961ರಲ್ಲಿ ಅದನ್ನು ನಡೆಸಿ ತೋರಿಸಿದರು. 1957ರಲ್ಲಿ ಲಿಕ್‌ಲೈಡರ್ ಸೇರಿದ್ದ ಬೋಲ್ಟ್, ಬೆರಾನೆಕ್ ಮತ್ತು ನ್ಯೂಮನ್ ಎಂಬ ಸಂಸ್ಥೆ ಧ್ವನಿವಿಜ್ಞಾನದ ಸಲಹಾ ಸಂಸ್ಥೆ. ಅದು ಇವರ ಒತ್ತಾಯದಿಂದ ಗಣಕ ಕೊಂಡಿತು. 1962ರಲ್ಲಿ ಅಲ್ಲಿಯೂ ಪಿಡಿಪಿ-1 ಎಂಬ ಸಣ್ಣ ಯಂತ್ರದ ಮೇಲೆ ಕಾಲಹಂಚಿಕೆ ನಡೆಯಿತು. ಲಿಕ್‌ಲೈಡರರ ಪಾತ್ರ ಬೇರೆಯದು. ಉಳಿದವರು ಯಂತ್ರವನ್ನು ಹಂಚುವ ಉಪಾಯವನ್ನು ನೋಡಿದಲ್ಲಿ ಅವರು ಹಂಚಿಕೊಳ್ಳುವ ಜನರ ಗುಂಪನ್ನು ನೋಡಿದರು. ಒಂದೇ ಯಂತ್ರವನ್ನು ಬಳಸುವವರು ಒಬ್ಬರ ಕ್ರಮವಿಧಿಯನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ, ತಿದ್ದುತ್ತಾರೆ, ಟಿಪ್ಪಣಿ ಬಿಡುತ್ತಾರೆ. ಯಂತ್ರದ ಸುತ್ತ ಒಂದು ಊರು ಹುಟ್ಟುತ್ತದೆ.

1962ರ ಅಕ್ಟೋಬರಿನಲ್ಲಿ ಅವರು ವಾಷಿಂಗ್ಟನ್ನಿಗೆ ಬಂದರು. ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆಯಾದ ಆರ್ಪಾದಲ್ಲಿ ಮಾಹಿತಿ ಸಂಸ್ಕರಣೆಯ ವಿಭಾಗಕ್ಕೆ ಅವರು ಮೊದಲ ಮುಖ್ಯಸ್ಥರು. ಹಣ ಸೇನೆಯದು, ಕಾಲ ಶೀತಲಸಮರದ್ದು. ಈ ಸಂಗತಿಯನ್ನು ಮರೆಮಾಚಿ ಅಂತರಜಾಲದ ಕಥೆ ಹೇಳುವುದು ಪ್ರಾಮಾಣಿಕವಲ್ಲ. ಆ ಹಣವನ್ನು ಅವರು ಖರ್ಚು ಮಾಡಿದ ರೀತಿ ಮಾತ್ರ ಸೇನಾ ಕಚೇರಿಗಳ ಪದ್ಧತಿಗೆ ವಿರುದ್ಧವಾಗಿತ್ತು. ಅರ್ಜಿ ಕರೆದು, ತೂಗಿ ನೋಡಿ, ಕೆಳಬೆಲೆಯವರಿಗೆ ಕೊಡುವ ಬದಲು ಅವರು ಊರೂರು ಸುತ್ತಿ ಮನುಷ್ಯರನ್ನು ಹುಡುಕಿದರು. ಎಂ.ಐ.ಟಿ., ಸ್ಟ್ಯಾನ್‌ಫರ್ಡ್, ಬರ್ಕ್ಲಿ, ಕಾರ್ನೆಗಿ ಮೊದಲಾದ ಕಡೆಗಳಲ್ಲಿ ತಮ್ಮಂತೆ ಯೋಚಿಸುವವರನ್ನು ಕಂಡು ವರ್ಷಗಟ್ಟಲೆ ಸಾಲುವ ನೆರವು ಕೊಟ್ಟರು. ಅಷ್ಟಾಗಿ ಯಾರೂ ಗಮನಿಸದಿದ್ದ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ಎಂಜಿನಿಯರರಿಗೂ ನೆರವು ಸಿಕ್ಕಿತು. ಇಂದು ಎಲ್ಲರ ಮೇಜಿನ ಮೇಲಿರುವ ಮೌಸ್ ಅವರ ಪ್ರಯೋಗಾಲಯದಿಂದ ಬಂದದ್ದು. 1963ರ ಜುಲೈಯಲ್ಲಿ ಎಂ.ಐ.ಟಿ.ಯಲ್ಲಿ ಆರಂಭವಾದ ಕಾಲಹಂಚಿಕೆಯ ದೊಡ್ಡ ಯೋಜನೆಗೂ ಇದೇ ಹಣ.

ಆ ವರ್ಷದ ಏಪ್ರಿಲಿನಲ್ಲಿ, ಪ್ರಯಾಣಕ್ಕೆ ಹೊರಡುವ ಅವಸರದ ನಡುವೆ, ತಮ್ಮಿಂದ ನೆರವು ಪಡೆದವರಿಗೆಲ್ಲ ಅವರು ಒಂದು ಸುತ್ತೋಲೆ ಬರೆದರು. ಓದುಗರನ್ನು ತಮಾಷೆಯಾಗಿ ನಕ್ಷತ್ರಮಂಡಲಗಳ ನಡುವಿನ ಗಣಕಜಾಲದ ಸದಸ್ಯರೆಂದು ಸಂಬೋಧಿಸಿದರು. ಒಳಗಿದ್ದ ವಿಚಾರ ತಮಾಷೆಯದಲ್ಲ. ಒಂದು ಕಡೆ ಕುಳಿತವನಿಗೆ ಇನ್ನೊಂದು ಕಡೆಯ ಯಂತ್ರದಲ್ಲಿರುವ ದತ್ತಾಂಶವೂ ಅದನ್ನು ಸಂಸ್ಕರಿಸುವ ಕ್ರಮವಿಧಿಯೂ ಬೇಕಾದಾಗ ಏನು ಮಾಡಬೇಕು? ಪ್ರತಿಯೊಂದು ಕೇಂದ್ರವೂ ತನ್ನದೇ ಯಂತ್ರಭಾಷೆ, ತನ್ನದೇ ಆಜ್ಞೆಗಳ ಪದ್ಧತಿ ಬೆಳೆಸಿಕೊಂಡರೆ ಅವುಗಳ ನಡುವೆ ಮಾತುಕತೆ ಹೇಗೆ? ಪರಸ್ಪರ ಯಾವ ಸಂಬಂಧವೂ ಇಲ್ಲದ ಎರಡು ಬುದ್ಧಿಜೀವಿಗಳು ಮೊದಲ ಬಾರಿಗೆ ಭೇಟಿಯಾದಾಗ ಮಾತು ಎಲ್ಲಿಂದ ಶುರುವಾಗಬೇಕೆಂಬ, ವೈಜ್ಞಾನಿಕ ಕಥೆಗಾರರಿಗೆ ಪ್ರಿಯವಾದ ಸಮಸ್ಯೆಗೆ ಅವರು ಇದನ್ನು ಹೋಲಿಸಿದರು.

ಕನ್ನಡಿಗರು ಈ ಸಮಸ್ಯೆಯನ್ನು ಪುಸ್ತಕದಲ್ಲಿ ಓದಿ ತಿಳಿಯಬೇಕಾಗಿಲ್ಲ, ಅನುಭವಿಸಿದ್ದಾರೆ. ಗಣಕದಲ್ಲಿ ಕನ್ನಡ ಬರೆಯತೊಡಗಿದ ಕಾಲದಲ್ಲಿ ಶ್ರೀಲಿಪಿ, ಬರಹ, ನುಡಿ ಹೀಗೆ ಒಂದೊಂದು ತಂತ್ರಾಂಶವೂ ಅಕ್ಷರಗಳಿಗೆ ತನ್ನದೇ ಸಂಕೇತಗಳನ್ನು ಇಟ್ಟುಕೊಂಡಿತ್ತು. ಒಂದರಲ್ಲಿ ಬರೆದ ಕಡತವನ್ನು ಅದರ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ ಕಾಣುತ್ತಿದ್ದುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ತಂತಿ ಇತ್ತು, ಯಂತ್ರ ಇತ್ತು, ಕಡತ ತಲುಪುತ್ತಿತ್ತು; ಕನ್ನಡ ತಲುಪುತ್ತಿರಲಿಲ್ಲ. ಯುನಿಕೋಡ್ ಎಂಬ ಸಮಾನ ಸಂಕೇತಪದ್ಧತಿ ಬಳಕೆಗೆ ಬಂದ ಮೇಲಷ್ಟೇ ಕನ್ನಡದ ಬರಹ ಒಂದು ಯಂತ್ರದಿಂದ ಇನ್ನೊಂದಕ್ಕೆ ಕನ್ನಡವಾಗಿಯೇ ಹೋಗತೊಡಗಿತು. ಸಂಪನ್ಮೂಲದ ಹಂಚಿಕೆಗೆ ಜೋಡಣೆ ಸಾಲದು, ಒಡಂಬಡಿಕೆ ಬೇಕು ಎಂಬ 1963ರ ಸುತ್ತೋಲೆಯ ಒಳಮಾತಿಗೆ ಇದಕ್ಕಿಂತ ಹತ್ತಿರದ ನಿದರ್ಶನ ಸಿಗಲಾರದು.

ಅದೇ 1963ರ ಸೆಪ್ಟೆಂಬರಿನಲ್ಲಿ ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು ತೀರಿಕೊಂಡರು. ಅನೇಕ ಭಾಷೆಗಳ ಗ್ರಂಥಗಳನ್ನು ತರಿಸಿಕೊಂಡು ಮನೆಯಲ್ಲಿಯೇ ಒಂದು ಸಂಶೋಧನಾಲಯವನ್ನು ಕಟ್ಟಿಕೊಂಡಿದ್ದವರು ಅವರು. ಆ ಹೊತ್ತಿಗೆ ಕಾಸರಗೋಡು ಕೇರಳಕ್ಕೆ ಸೇರಿ ಏಳು ವರ್ಷ ಕಳೆಯುತ್ತ ಬಂದಿತ್ತು. ಮುಂದೆ ಅವರ ಗ್ರಂಥಸಂಗ್ರಹ ಉಡುಪಿಯ ಎಂ.ಜಿ.ಎಂ. ಕಾಲೇಜನ್ನು ಸೇರಿತು. ಪುಸ್ತಕಗಳು ಸುರಕ್ಷಿತವಾದವು, ಸರಿಯಾದ ಕೈಗಳನ್ನೇ ಸೇರಿದವು. ಆದರೆ ಮಂಜೇಶ್ವರದ, ಪುತ್ತಿಗೆಯ ಓದುಗನಿಗೆ ಅವು ಅಷ್ಟು ದೂರವಾದವು. ಪುಸ್ತಕವೆಂಬ ವಸ್ತುವಿನ ಸ್ವಭಾವವೇ ಅಂಥದು, ಒಂದೆಡೆ ಇದ್ದರೆ ಇನ್ನೊಂದೆಡೆ ಇಲ್ಲ.

ಈ ಸ್ವಭಾವವನ್ನೇ ಲಿಕ್‌ಲೈಡರ್ ಆ ವರ್ಷಗಳಲ್ಲಿ ಪ್ರಶ್ನಿಸುತ್ತಿದ್ದರು. ಗ್ರಂಥಾಲಯ ಸಂಪನ್ಮೂಲಗಳ ಮಂಡಳಿಯೊಂದರ ನೆರವಿನಿಂದ 1961ರಲ್ಲಿಯೇ ಆರಂಭಿಸಿದ್ದ ಅಧ್ಯಯನದ ಫಲವಾಗಿ, ಭವಿಷ್ಯದ ಗ್ರಂಥಾಲಯಗಳನ್ನು ಕುರಿತ ಅವರ ಪುಸ್ತಕ 1965ರಲ್ಲಿ ಹೊರಬಂದಿತು. ಗಣಕಶಾಸ್ತ್ರದವರಿಗಿಂತ ಸಾಹಿತ್ಯದ ವಿದ್ಯಾರ್ಥಿಗಳೇ ಮೊದಲು ಓದಬೇಕಾದ ಪುಸ್ತಕ ಅದು. ಪುಟವನ್ನು ಅವರು ಹೀಗಳೆಯುವುದಿಲ್ಲ. ಕಣ್ಣಿಗೆ ಹಿತ, ಕೈಗೆ ಹಗುರ, ಎತ್ತಿಕೊಂಡು ಹೋಗಬಹುದು ಎಂದು ಒಪ್ಪುತ್ತಾರೆ. ಆದರೆ ಪುಟಗಳನ್ನು ಹೊಲಿದು ಪುಸ್ತಕ ಮಾಡಿದರೆ ಬೇಕಾದ ಒಂದು ಸಂಗತಿಗಾಗಿ ಇಡೀ ಪುಸ್ತಕವನ್ನು ಹೊರಬೇಕಾಗುತ್ತದೆ. ಪುಸ್ತಕಗಳನ್ನು ಕಪಾಟಿನಲ್ಲಿಟ್ಟರೆ ಹುಡುಕುವ ಭಾರ ಪೂರ್ತಿಯಾಗಿ ಓದುಗನ ಮೇಲೆ ಬೀಳುತ್ತದೆ. ಬದಲಾಗಿ, 2000ದ ಇಸವಿಯ ಹೊತ್ತಿಗೆ ಓದುಗನು ಮೇಜಿನ ಬಳಿ ಕುಳಿತು ಪರದೆ ಮತ್ತು ಕೀಲಿಮಣೆಯ ಮೂಲಕ ದೂರದ ಜ್ಞಾನಭಂಡಾರದೊಂದಿಗೆ ವ್ಯವಹರಿಸುವುದನ್ನು ಅವರು ಚಿತ್ರಿಸಿದರು. ಮೂವತ್ತೈದು ವರ್ಷ ಮೊದಲು ಬರೆದ ಈ ಚಿತ್ರದಲ್ಲಿ ತಪ್ಪಿದ್ದು ಕಡಿಮೆ. ಗಣಕಗಳು ಮನುಷ್ಯರ ಭಾಷೆಯನ್ನು ಇನ್ನೂ ಬೇಗ ಅರ್ಥಮಾಡಿಕೊಳ್ಳುತ್ತವೆ ಎಂಬ ಅವರ ಉತ್ಸಾಹವನ್ನು ಮಾತ್ರ ಕಾಲ ಬಹಳ ವರ್ಷ ಕಾಯಿಸಿತು.

1964ರಲ್ಲಿ ಅವರು ವಾಷಿಂಗ್ಟನ್ ಬಿಟ್ಟು ಐ.ಬಿ.ಎಂ. ಸೇರಿದರು. ಅಲ್ಲಿಯ ಕೆಲವು ವರ್ಷಗಳ ಬಗ್ಗೆ ಹೇಳುವಂಥದು ಹೆಚ್ಚಿಲ್ಲ. ಗಣಕಜಾಲ ಇನ್ನೂ ಕಾಗದದ ಮೇಲಿನ ಮಾತಾಗಿಯೇ ಉಳಿದಿತ್ತು. ಆದರೆ ಆ ಕುರ್ಚಿಗೆ ಮೊದಲು ಐವನ್ ಸದರ್ಲೆಂಡ್, 1966ರಲ್ಲಿ ರಾಬರ್ಟ್ ಟೇಲರ್ ಬಂದರು. ಟೇಲರ್ ಅವರೂ ಪಾದ್ರಿಯ ಮಗ, ಅವರೂ ಶ್ರವಣದ ಮನಶ್ಶಾಸ್ತ್ರ ಓದಿದವರು, ಲಿಕ್‌ಲೈಡರರ ಪ್ರಬಂಧಗಳಿಂದ ಪ್ರಭಾವಿತರು. ಅವರ ಕಚೇರಿಯಲ್ಲಿ ಮೂರು ದೂರದ ಗಣಕಗಳಿಗೆ ಮೂರು ಬೇರೆ ಬೇರೆ ಸಂಪರ್ಕಯಂತ್ರಗಳಿದ್ದವು. ಒಂದರೊಡನೆ ವ್ಯವಹರಿಸಿ ಇನ್ನೊಂದರ ಬಳಿಗೆ ಹೋಗಬೇಕಾದರೆ ಎದ್ದು ಬೇರೆ ಯಂತ್ರದ ಮುಂದೆ ಕುಳಿತು, ಬೇರೆ ಆಜ್ಞೆಗಳನ್ನು ನೆನಪಿಸಿಕೊಳ್ಳಬೇಕು. ಈ ಮೂರನ್ನೂ ಒಂದು ಮಾಡುವ ಯೋಜನೆಗೆ ಮೇಲಧಿಕಾರಿಯಿಂದ ಹತ್ತು ಲಕ್ಷ ಡಾಲರು ಪಡೆಯಲು ಅವರಿಗೆ ಒಂದೇ ಸಣ್ಣ ಭೇಟಿ ಸಾಕಾಯಿತು. ಯೋಜನೆಯ ತಾಂತ್ರಿಕ ಹೊಣೆ ಲಾರೆನ್ಸ್ ರಾಬರ್ಟ್ಸ್ ಅವರದಾಯಿತು.

ನಿಜವಾದ ವಿರೋಧ ಬಂದದ್ದು ಹಣಕಾಸಿನವರಿಂದಲ್ಲ, ವಿಜ್ಞಾನಿಗಳಿಂದ. 1967ರಲ್ಲಿ ಮಿಶಿಗನ್ನಿನ ಆ್ಯನ್ ಆರ್ಬರ್‌ನಲ್ಲಿ ನಡೆದ ಸಭೆಯಲ್ಲಿ, ಆರ್ಪಾದ ಹಣದಿಂದಲೇ ಯಂತ್ರ ಪಡೆದಿದ್ದ ಹಲವು ಮುಖ್ಯಸ್ಥರು ಹಂಚಿಕೆಗೆ ಒಪ್ಪಲು ಹಿಂಜರಿದರು. ತಮ್ಮ ಯಂತ್ರದ ಸಮಯವನ್ನು ಅಪರಿಚಿತರು ದೂರದಿಂದ ಬಂದು ತಿಂದುಹಾಕುತ್ತಾರೆ, ಜಾಲವನ್ನು ನಿಭಾಯಿಸುವ ಹೊರೆಯೂ ತಮ್ಮ ಯಂತ್ರದ ಮೇಲೆಯೇ ಬೀಳುತ್ತದೆ ಎಂಬುದು ಅವರ ಆತಂಕ. ಈ ಆತಂಕವನ್ನು ಸ್ವಾರ್ಥವೆಂದು ತಳ್ಳಿಹಾಕುವಂತಿಲ್ಲ. ಹಂಚಿಕೆಯ ಪ್ರತಿಯೊಂದು ವ್ಯವಸ್ಥೆಯಲ್ಲಿಯೂ ಉಳ್ಳವನು ಕೇಳುವ ನ್ಯಾಯವಾದ ಪ್ರಶ್ನೆ ಅದು. ವೆಸ್ಲಿ ಕ್ಲಾರ್ಕ್ ಎಂಬ ಎಂಜಿನಿಯರರು ಸೂಚಿಸಿದ ಪರಿಹಾರ ಜಾಣ್ಮೆಯದು: ಜಾಲದ ಕೆಲಸವನ್ನು ದೊಡ್ಡ ಗಣಕಗಳ ಮೇಲೆ ಹೇರುವುದೇ ಬೇಡ, ಪ್ರತಿ ಊರಿನಲ್ಲಿಯೂ ಒಂದು ಸಣ್ಣ ಗಣಕವನ್ನು ಬಾಗಿಲುಕಾಯುವವನಂತೆ ನಿಲ್ಲಿಸಿ, ಆ ಸಣ್ಣವುಗಳನ್ನು ಮಾತ್ರ ಒಂದಕ್ಕೊಂದು ಜೋಡಿಸಿ. ದೊಡ್ಡ ಯಂತ್ರ ತನ್ನ ಪಕ್ಕದ ಬಾಗಿಲುಕಾಯುವವನೊಬ್ಬನೊಡನೆ ಮಾತಾಡಲು ಕಲಿತರೆ ಸಾಕು. ಆ ಸಣ್ಣ ಯಂತ್ರಗಳನ್ನು ಕಟ್ಟಿಕೊಡುವ ಗುತ್ತಿಗೆ ಲಿಕ್‌ಲೈಡರರ ಹಳೆಯ ಸಂಸ್ಥೆಯಾದ ಬೋಲ್ಟ್, ಬೆರಾನೆಕ್ ಮತ್ತು ನ್ಯೂಮನ್‌ಗೇ ಸಿಕ್ಕಿತು.

ತಂತಿಯನ್ನೂ ಹಂಚಿಕೊಳ್ಳಬೇಕಾಗಿತ್ತು. ಟ್ರಂಕ್ ಕಾಲ್ ಕಾಯ್ದಿರಿಸಿ ಕಾದ ಹಿರಿಯರಿಗೆ ಗೊತ್ತಿರುವಂತೆ, ಹಳೆಯ ದೂರವಾಣಿಯಲ್ಲಿ ಇಬ್ಬರು ಮಾತಾಡುವಷ್ಟು ಹೊತ್ತೂ ಆ ಮಾರ್ಗ ಅವರಿಬ್ಬರದೇ. ನಡುವೆ ಸುಮ್ಮನಿದ್ದರೂ ಇನ್ನೊಬ್ಬರಿಗೆ ಸಿಗದು. ಅಮೆರಿಕದ ಪಾಲ್ ಬ್ಯಾರನ್, ಬ್ರಿಟನ್ನಿನ ಡೊನಾಲ್ಡ್ ಡೇವಿಸ್ ಒಬ್ಬರನ್ನೊಬ್ಬರು ಅರಿಯದೆಯೇ ಒಂದೇ ಉಪಾಯಕ್ಕೆ ಬಂದಿದ್ದರು. ಸಂದೇಶವನ್ನು ಸಣ್ಣ ಪೊಟ್ಟಣಗಳಾಗಿ ಕತ್ತರಿಸಿ, ಒಂದೊಂದಕ್ಕೂ ವಿಳಾಸ ಬರೆದು, ತೆರವಿರುವ ದಾರಿಯಲ್ಲಿ ಕಳಿಸಿ, ತಲುಪಿದಲ್ಲಿ ಮತ್ತೆ ಜೋಡಿಸುವುದು. ಒಂದೇ ತಂತಿಯ ಮೇಲೆ ಹಲವರ ಪೊಟ್ಟಣಗಳು ಹಿಂದೆ ಮುಂದೆ ಸಾಗುತ್ತವೆ. ಯಂತ್ರದ ಕಾಲವನ್ನು ಹಂಚಿದ ತತ್ತ್ವವೇ ಇಲ್ಲಿ ದಾರಿಯನ್ನೂ ಹಂಚಿತು. 1969ರ ಅಕ್ಟೋಬರ್ 29ರ ರಾತ್ರಿ ಲಾಸ್ ಏಂಜಲಿಸ್‌ನ ವಿದ್ಯಾರ್ಥಿಯೊಬ್ಬನು ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಗಣಕವನ್ನು ಪ್ರವೇಶಿಸಲು ಬೇಕಾದ ಪದವನ್ನು ಬೆರಳಚ್ಚಿಸತೊಡಗಿದ. ಎರಡು ಅಕ್ಷರ ತಲುಪಿದವು. ಅಷ್ಟಕ್ಕೆ ವ್ಯವಸ್ಥೆ ಕುಸಿಯಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಯತ್ನಿಸಿದಾಗ ಬಾಗಿಲು ತೆರೆಯಿತು. ವರ್ಷಾಂತ್ಯಕ್ಕೆ ನಾಲ್ಕು ಕೇಂದ್ರಗಳು ಕೂಡಿಕೊಂಡವು.

ಲಿಕ್‌ಲೈಡರ್ ಈ ಹೊತ್ತಿಗೆ ಎಂ.ಐ.ಟಿ.ಗೆ ಮರಳಿದ್ದರು. 1968ರಲ್ಲಿ ಟೇಲರ್ ಅವರೊಡನೆ ಸೇರಿ ಬರೆದ ಲೇಖನದಲ್ಲಿ, ಗಣಕವು ಲೆಕ್ಕದ ಯಂತ್ರಕ್ಕಿಂತ ಹೆಚ್ಚಾಗಿ ಸಂವಹನದ ಸಾಧನವಾಗಲಿದೆ, ಒಂದೇ ಊರಿನವರೆಂಬ ಕಾರಣಕ್ಕಲ್ಲದೆ ಒಂದೇ ಆಸಕ್ತಿಯವರೆಂಬ ಕಾರಣಕ್ಕೆ ಜನ ಸಮುದಾಯಗಳಾಗಿ ಕೂಡಲಿದ್ದಾರೆ ಎಂದು ಪ್ರತಿಪಾದಿಸಿದರು. ಭಾಷೆಯಿಂದ ಒಂದಾಗಿ ಆಡಳಿತದಿಂದ ಬೇರೆಯಾಗಿರುವ ಗಡಿನಾಡಿನವರಿಗೆ ಈ ವಿಚಾರದ ತೂಕ ಬೇರೆಯೇ. ಅಲ್ಲಿಯೇ ಅವರು ಒಂದು ಎಚ್ಚರಿಕೆಯನ್ನೂ ಇಟ್ಟರು. ಜಾಲದ ಪ್ರವೇಶ ಎಲ್ಲರ ಹಕ್ಕಾಗದೆ ಕೆಲವರ ಸವಲತ್ತಾಗಿ ಉಳಿದರೆ, ಬುದ್ಧಿಯ ಅವಕಾಶಗಳಲ್ಲಿ ಈಗಾಗಲೇ ಇರುವ ಅಂತರ ಇನ್ನಷ್ಟು ಹಿಗ್ಗುತ್ತದೆ ಎಂಬುದು ಅದರ ಸಾರ. ಜಾಲದಲ್ಲಿ ಒಂದೇ ಒಂದು ಕೇಂದ್ರವೂ ಇಲ್ಲದಿದ್ದ ಕಾಲದಲ್ಲಿ ಈ ಪ್ರಶ್ನೆಯನ್ನು ಎತ್ತಿದ್ದು ಅವರ ದೃಷ್ಟಿಯ ದೊಡ್ಡತನ. ಯಾವ ಭಾಷೆಯ ಗ್ರಂಥಗಳು ಜಾಲಕ್ಕೆ ಏರುತ್ತವೆ, ಯಾವುವು ಕಪಾಟಿನಲ್ಲಿಯೇ ಗೆದ್ದಲಿಗೆ ಆಹಾರವಾಗುತ್ತವೆ ಎಂಬುದೂ ಅದೇ ಪ್ರಶ್ನೆಯ ಇನ್ನೊಂದು ಮುಖ. ಅಮೆರಿಕದ ಆ ಲೇಖಕರಿಗೆ ಅದು ಹೊಳೆದಂತೆ ಕಾಣುವುದಿಲ್ಲ, ಹೊಳೆಯಬೇಕಾದದ್ದು ಕನ್ನಡದವರಿಗೆ.

ಜಾಲ ಬೆಳೆದಂತೆ ಒಂದು ವಿಚಿತ್ರ ಸಂಗತಿ ಕಂಡುಬಂತು. ದುಬಾರಿ ಗಣಕಗಳನ್ನು ದೂರದಿಂದ ಹಂಚಿಕೊಳ್ಳಲೆಂದು ಕಟ್ಟಿದ ಜಾಲವನ್ನು ಜನ ಅತಿ ಹೆಚ್ಚಾಗಿ ಬಳಸತೊಡಗಿದ್ದು ಪತ್ರ ಬರೆಯುವುದಕ್ಕೆ. 1971ರಲ್ಲಿ ರೇ ಟಾಮ್ಲಿನ್‌ಸನ್ ಯಂತ್ರದಿಂದ ಯಂತ್ರಕ್ಕೆ ಅಂಚೆ ಕಳಿಸುವ ಕ್ರಮವನ್ನು ರೂಪಿಸಿದ ಮೇಲೆ, ಒಂದೆರಡು ವರ್ಷಗಳಲ್ಲಿ ಜಾಲದ ಸಂಚಾರದ ಸುಮಾರು ಮುಕ್ಕಾಲು ಪಾಲು ಮಿಂಚಂಚೆಯೇ ಆಗಿತ್ತು. ಯೋಜಕರಿಗೆ ಇದು ಅಚ್ಚರಿ. 1968ರ ಲೇಖನ ಓದಿದವರಿಗೆ ಅಚ್ಚರಿಯಾಗಬೇಕಾದ ಕಾರಣವಿರಲಿಲ್ಲ.

ಲಿಕ್‌ಲೈಡರರನ್ನು ದೋಷರಹಿತ ಮಹಾಪುರುಷರೆಂದು ಚಿತ್ರಿಸಬೇಕಾಗಿಲ್ಲ. ಎಂ.ಐ.ಟಿ.ಯ ಗಣಕ ಯೋಜನೆಗೆ 1968ರಿಂದ ಕೆಲವು ವರ್ಷ ನಿರ್ದೇಶಕರಾಗಿದ್ದಾಗ ಕಚೇರಿಯ ದೈನಂದಿನ ಆಡಳಿತ ಅವರಿಗೆ ಒಗ್ಗಲಿಲ್ಲ. 1974ರಲ್ಲಿ ಎರಡನೆಯ ಬಾರಿಗೆ ವಾಷಿಂಗ್ಟನ್ನಿನ ಅದೇ ಕುರ್ಚಿಗೆ ಬಂದಾಗ ಕಾಲ ಬದಲಾಗಿತ್ತು. ವಿಯೆಟ್ನಾಂ ಯುದ್ಧದ ನಂತರ ಪ್ರತಿಯೊಂದು ಸಂಶೋಧನೆಯೂ ಸೇನೆಗೆ ನೇರ ಉಪಯೋಗವನ್ನು ತೋರಿಸಬೇಕೆಂಬ ಒತ್ತಡ ಬಿಗಿಯಾಗಿತ್ತು. ಮನುಷ್ಯರನ್ನು ನಂಬಿ ಹಣ ಕೊಡುವ ಹಳೆಯ ಪದ್ಧತಿ ನಡೆಯಲಿಲ್ಲ. ಮರುವರ್ಷವೇ ಅವರು ಬಿಟ್ಟುಬಂದರು. ಅವರ ಕೈಯಿಂದ ಮಹತ್ತ್ವದ ಯಂತ್ರವಾಗಲಿ ಕ್ರಮವಿಧಿಯಾಗಲಿ ಮೂಡಿಬಂದದ್ದಿಲ್ಲ ಎಂದು ಹೇಳುವವರೂ ಇದ್ದಾರೆ. ಅದು ಬಹುಮಟ್ಟಿಗೆ ನಿಜವೂ ಹೌದು. ಆದರೆ ಅವರು ಹುಡುಕಿ ನೆರವು ಕೊಟ್ಟ ವಿಶ್ವವಿದ್ಯಾಲಯಗಳಲ್ಲಿಯೇ ಅಮೆರಿಕದ ಗಣಕಶಾಸ್ತ್ರ ವಿಭಾಗಗಳು ಬೆಳೆದವು, ಅವರ ಶಿಷ್ಯರೂ ಶಿಷ್ಯರ ಶಿಷ್ಯರೂ ಜಾಲವನ್ನು ಹರಡಿದರು. ತಮ್ಮ ವಿಚಾರವನ್ನು ಬೇರೆಯವರು ತಮ್ಮದೆಂದು ಹೇಳಿಕೊಂಡಾಗ ಅವರು ತಕರಾರು ಮಾಡುತ್ತಿರಲಿಲ್ಲವೆಂದು ಜೊತೆಗಿದ್ದವರು ನೆನೆಯುತ್ತಾರೆ. ಹಂಚಿಕೊಳ್ಳುವುದನ್ನು ಕುರಿತು ಬರೆದ ಮನುಷ್ಯನಿಗೆ ಈ ಗುಣ ಒಪ್ಪುತ್ತದೆ.

1985ರಲ್ಲಿ ಅವರು ಎಂ.ಐ.ಟಿ.ಯಿಂದ ನಿವೃತ್ತರಾದರು. ಮರುವರ್ಷ ಭಾರತದಲ್ಲಿ ಅರ್ನೆಟ್ ಎಂಬ ಶೈಕ್ಷಣಿಕ ಗಣಕಜಾಲದ ಯೋಜನೆ ಆರಂಭವಾಯಿತು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿತ್ತು, ಐದು ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಮುಂಬಯಿಯ ತಂತ್ರಾಂಶ ಕೇಂದ್ರವೂ ಅದರ ಮೊದಲ ಪಾಲುದಾರರು. ಕರ್ನಾಟಕದವರೇ ಆದ ಎನ್. ಶೇಷಗಿರಿ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಮಾಹಿತಿ ಕೇಂದ್ರ ಜಿಲ್ಲಾಕೇಂದ್ರಗಳನ್ನು ಉಪಗ್ರಹದ ಮೂಲಕ ಜೋಡಿಸುವ ಕೆಲಸವನ್ನು ಕೈಗೆತ್ತಿಕೊಂಡದ್ದೂ ಆ ದಶಕದಲ್ಲಿಯೇ. ಸಾಮಾನ್ಯ ಜನರಿಗೆ ಅಂತರಜಾಲ ದೊರೆಯಲು 1995ರ ಆಗಸ್ಟ್ 15ರವರೆಗೆ ಕಾಯಬೇಕಾಯಿತು.

1990ರ ಫೆಬ್ರವರಿಯಲ್ಲಿ, ಆರ್ಪಾದ ಹಳೆಯ ಜಾಲವನ್ನು ಅದರ ಕೆಲಸ ಮುಗಿಯಿತೆಂದು ಅಧಿಕೃತವಾಗಿ ನಿಲ್ಲಿಸಲಾಯಿತು. ಅಷ್ಟರಲ್ಲಿ ಅದನ್ನು ಮೀರಿದ ಜಾಲಗಳು ಹುಟ್ಟಿಕೊಂಡಿದ್ದವು. ಅದೇ ವರ್ಷದ ಜೂನ್ 26ರಂದು ಮೆಸಾಚುಸೆಟ್ಸ್‌ನ ಆರ್ಲಿಂಗ್ಟನ್ನಿನಲ್ಲಿ ಲಿಕ್‌ಲೈಡರ್ ತೀರಿಕೊಂಡರು. ಎಪ್ಪತ್ತೈದು ವರ್ಷ ತುಂಬಿತ್ತು. ಆ ವರ್ಷ ಮುಗಿಯುವಷ್ಟರಲ್ಲಿ ಜಿನೀವಾದ ಬಳಿಯ ಪ್ರಯೋಗಾಲಯವೊಂದರಲ್ಲಿ ಟಿಮ್ ಬರ್ನರ್ಸ್-ಲೀ ಎಂಬ ತರುಣ ವಿಜ್ಞಾನಿ, ಅಲ್ಲಿಯ ಸಂಶೋಧಕರ ದಾಖಲೆಗಳನ್ನು ಯಾವ ಯಂತ್ರದಿಂದ ಬೇಕಾದರೂ ಓದುವಂತೆ ಮಾಡುವ ಮೊದಲ ವಿಶ್ವವ್ಯಾಪಿ ಜಾಲತಾಣವನ್ನು ತನ್ನ ಮೇಜಿನ ಮೇಲಿನ ಗಣಕದಲ್ಲಿ ನಡೆಸಿ ನೋಡಿದರು.